ಎಳೆದ ಫೋಲ್ಡರ್ ಎಲ್ಲಿಗೆ ಹೋಯಿತು?

ಒಂದು ಭಾನುವಾರ ಬೆಳಿಗ್ಗೆ ಶಿವಮೊಗ್ಗದಿಂದ ಅಪ್ಪನ ಫೋನು. ಮಾಮೂಲಿ ಕುಶಲೋಪರಿ ಏನೂ ಇಲ್ಲ, ನೇರವಾಗಿ ವಿಷಯಕ್ಕೇ ಬಂದರು.

"ಅಲ್ವೋ, ನಿನ್ನ ಮದುವೆ ಫೋಟೋ ಇಟ್ಟಿದ್ದ ಫೋಲ್ಡರೇ ಕಾಣ್ತಾ ಇಲ್ಲ ಮಾರಾಯ. ನಾನಂತೂ ಡಿಲೀಟ್ ಮಾಡಿಲ್ಲ."

"ರಿಸೈಕಲ್ ಬಿನ್ ನೋಡಿದ್ರಾ ಅಪ್ಪ?"

"ನೋಡ್ದೆ. ಅಲ್ಲೂ ಇಲ್ಲ. ನಿಮ್ಮಮ್ಮ ಬೆಳಿಗ್ಗೆಯಿಂದ ನನ್ನ ಮುಖಾನೇ ನೋಡ್ತಾ ಇಲ್ಲ."

ಆ ಫೋಲ್ಡರಿನಲ್ಲಿ ಮದುವೆಯ ಫೋಟೋಗಳಷ್ಟೇ ಅಲ್ಲ, ಈಗ ಇಲ್ಲದ ನನ್ನ ಅಜ್ಜಿಯ ಕೊನೆಯ ಒಳ್ಳೆಯ ಫೋಟೋಗಳೂ ಇದ್ದವು. ಪುಣೆಯಲ್ಲಿ ಕೂತು, ಅಪ್ಪನ ಪರದೆಯನ್ನು ಮನಸ್ಸಿನಲ್ಲೇ ಊಹಿಸಿಕೊಳ್ಳುತ್ತಾ ಅರ್ಧ ಗಂಟೆ ಹುಡುಕಿಸಿದೆ. ಕೊನೆಗೆ ಸಿಕ್ಕಿದ್ದು "ಕಂದಾಯ ರಸೀದಿ" ಎಂಬ ಪಕ್ಕದ ಫೋಲ್ಡರಿನೊಳಗೆ. ಮೌಸ್ ಒತ್ತಿದ ಬೆರಳು ಸ್ವಲ್ಪ ಜಾರಿ, ಮದುವೆ ಮನೆ ಕಂದಾಯದ ಕಚೇರಿಯೊಳಗೆ ಹೋಗಿ ಕೂತಿತ್ತು.

ಊರಿನಿಂದ ದೂರ ಇರುವ ನಮ್ಮಲ್ಲಿ ಬಹಳ ಮಂದಿಗೆ ಇಂಥ ಫೋನು ಬಂದಿರುತ್ತದೆ. ಮನೆಯವರ ಪಾಲಿಗೆ ಕಂಪ್ಯೂಟರ್ ರಿಪೇರಿಯವರು ನಾವೇ ತಾನೆ? ಆದರೆ ನಿಜ ಹೇಳಬೇಕೆಂದರೆ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನಾವೂ ಫೋಲ್ಡರ್ ಸಾಗಿಸುವುದನ್ನು ಅಂದಾಜಿನಲ್ಲೇ ಮಾಡುತ್ತೇವೆ. ಎಳೆಯುತ್ತೇವೆ, ಬಿಡುತ್ತೇವೆ, ಸರಿಯಾದ ಜಾಗಕ್ಕೆ ಹೋಗಿರಲಿ ಎಂದುಕೊಳ್ಳುತ್ತೇವೆ. ಈ ಕೆಲಸಕ್ಕೆ ಸ್ಪಷ್ಟವಾದ ನಿಯಮಗಳಿವೆ, ಸುಲಭದ ಕೀಲಿಗಳಿವೆ. ಒಮ್ಮೆ ಕೈಗೆ ಬಂದರೆ ಸಮಯವೂ ಉಳಿಯುತ್ತದೆ, ಫೋಟೋಗಳೂ ಉಳಿಯುತ್ತವೆ.

ಎಳೆದಾಗ ನಕಲೋ, ಸ್ಥಳಾಂತರವೋ?

ವಿಂಡೋಸ್‌ನಲ್ಲಿ ಒಂದು ಫೋಲ್ಡರನ್ನು ಮೌಸಿನಿಂದ ಎಳೆದು ಇನ್ನೊಂದೆಡೆ ಬಿಟ್ಟರೆ ಏನಾಗುತ್ತದೆ? "ಒಂದೊಂದು ಸಲ ಕಾಪಿ ಆಗುತ್ತೆ, ಒಂದೊಂದು ಸಲ ಮೂವ್ ಆಗುತ್ತೆ" ಎಂದು ಅನೇಕರು ಹೇಳುತ್ತಾರೆ. ಅದು ಕಂಪ್ಯೂಟರಿನ ಮನಸ್ಸಿಗೆ ಬಂದಂತೆ ಆಗುವುದಲ್ಲ. ನಿಯಮ ಸರಳ: ಒಂದೇ ಡ್ರೈವ್‌ನೊಳಗೆ ಎಳೆದರೆ ಸ್ಥಳಾಂತರ, ಒಂದು ಡ್ರೈವ್‌ನಿಂದ ಇನ್ನೊಂದು ಡ್ರೈವ್‌ಗೆ ಎಳೆದರೆ ನಕಲು.

ಅಂದರೆ 'ಡಿ' ಡ್ರೈವ್‌ನಲ್ಲಿರುವ ಫೋಲ್ಡರನ್ನು ಅದೇ 'ಡಿ'ಯ ಇನ್ನೊಂದು ಫೋಲ್ಡರಿಗೆ ಎಳೆದರೆ ಮೂಲ ಜಾಗ ಖಾಲಿಯಾಗುತ್ತದೆ. ಅದನ್ನೇ ಪೆನ್ ಡ್ರೈವ್‌ಗೆ ಎಳೆದರೆ ಮೂಲವೂ ಉಳಿದು ನಕಲೂ ಸಿಗುತ್ತದೆ. ಅಪ್ಪನ ವಿಷಯದಲ್ಲಿ ಆಗಿದ್ದು ಮೊದಲನೆಯದು.

ಈ ನಿಯಮವನ್ನು ಕಂಪ್ಯೂಟರಿಗೆ ಬಿಡದೆ ನಾವೇ ತೀರ್ಮಾನಿಸಬಹುದು. ಎಳೆಯುವಾಗ ಎಡಗೈಯಿಂದ ಒಂದು ಕೀಲಿ ಒತ್ತಿ ಹಿಡಿದರೆ ಸಾಕು:

ಕಂಟ್ರೋಲ್ ಹಿಡಿದು ಎಳೆದರೆ: ಯಾವ ಡ್ರೈವ್ ಆದರೂ ನಕಲು.
ಶಿಫ್ಟ್ ಹಿಡಿದು ಎಳೆದರೆ: ಯಾವ ಡ್ರೈವ್ ಆದರೂ ಸ್ಥಳಾಂತರ.
ಆಲ್ಟ್ ಹಿಡಿದು ಎಳೆದರೆ: ಫೋಲ್ಡರ್ ಇದ್ದಲ್ಲೇ ಇರುತ್ತದೆ, ಹೊಸ ಜಾಗದಲ್ಲಿ ಅದಕ್ಕೊಂದು ಶಾರ್ಟ್‌ಕಟ್ ಮಾತ್ರ ಹುಟ್ಟುತ್ತದೆ.

ಇಲ್ಲೊಂದು ಸಣ್ಣ ಸೂಕ್ಷ್ಮವಿದೆ. ಮೊದಲು ಮೌಸಿನ ಗುಂಡಿ ಬಿಡಬೇಕು, ಆಮೇಲೆ ಕೀಲಿ. ಕೀಲಿಯನ್ನು ಮೊದಲೇ ಬಿಟ್ಟರೆ ಮತ್ತೆ ಹಳೆಯ ನಿಯಮವೇ ಜಾರಿಗೆ ಬರುತ್ತದೆ. ಎಳೆಯುವಾಗ ಬಾಣದ ಪಕ್ಕದಲ್ಲಿ ಒಂದು ಪುಟ್ಟ ಚೀಟಿ ಕಾಣುತ್ತದಲ್ಲ, 'ಕಾಪಿ ಟು' ಅಥವಾ 'ಮೂವ್ ಟು' ಎಂದು? ಗುಂಡಿ ಬಿಡುವ ಮೊದಲು ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಯಾವ ಫೋಲ್ಡರಿಗೆ ಹೋಗುತ್ತಿದೆ ಎಂಬ ಹೆಸರೂ ಅದರಲ್ಲೇ ಇರುತ್ತದೆ. ಮನಸ್ಸು ಬದಲಾದರೆ ಗುಂಡಿ ಬಿಡದೆಯೇ ಎಸ್ಕೇಪ್ ಒತ್ತಿ, ಎಳೆದಿದ್ದು ರದ್ದಾಗುತ್ತದೆ.

ಇದ್ಯಾವುದೂ ನೆನಪಿರುವುದಿಲ್ಲ ಎನ್ನುವವರಿಗೆ ಬಲಗುಂಡಿಯ ಉಪಾಯವಿದೆ. ಮೌಸಿನ ಎಡಗುಂಡಿಯ ಬದಲು ಬಲಗುಂಡಿ ಒತ್ತಿಕೊಂಡು ಫೋಲ್ಡರನ್ನು ಎಳೆಯಿರಿ. ಬಿಟ್ಟ ಕೂಡಲೇ ಒಂದು ಪಟ್ಟಿ ಬರುತ್ತದೆ: ಇಲ್ಲಿಗೆ ನಕಲು ಮಾಡಲೇ, ಇಲ್ಲಿಗೆ ಸಾಗಿಸಲೇ, ಶಾರ್ಟ್‌ಕಟ್ ಮಾಡಲೇ, ರದ್ದು ಮಾಡಲೇ? ಕೇಳಿಯೇ ಮುಂದುವರಿಯುವ ಈ ವಿಧಾನವನ್ನು ನಾನು ಅಪ್ಪನಿಗೆ ಕಲಿಸಿದ್ದೇನೆ. ಆಮೇಲೆ ಅಂಥ ಫೋನು ಬಂದಿಲ್ಲ.

ಕತ್ತರಿ, ಗೋಂದು ಮತ್ತು ನಾಲ್ಕು ಕೀಲಿಗಳು

ಮೌಸಿಗಿಂತ ಕೀಲಿಮಣೆಯೇ ಹೆಚ್ಚು ಸುರಕ್ಷಿತ ಎಂಬುದು ನನ್ನ ಅನುಭವ. ಬೆರಳು ಜಾರಿ ಬೇರೆ ಕಡೆ ಬೀಳುವ ಭಯ ಇಲ್ಲ. ಕಂಟ್ರೋಲ್ ಜೊತೆ ಸಿ ಒತ್ತಿದರೆ ನಕಲು, ಎಕ್ಸ್ ಒತ್ತಿದರೆ ಕತ್ತರಿಸು, ವಿ ಒತ್ತಿದರೆ ಅಂಟಿಸು, ಝಡ್ ಒತ್ತಿದರೆ ಮಾಡಿದ್ದನ್ನು ಹಿಂತೆಗೆದುಕೋ. ನಾಲ್ಕೂ ಕೀಲಿಮಣೆಯ ಕೆಳಸಾಲಿನಲ್ಲಿ ಅಕ್ಕಪಕ್ಕವೇ ಇವೆ, ಎಡಗೈಗೆ ಸಲೀಸು.

ಕತ್ತರಿಸಿ ಅಂಟಿಸುವ ಈ ಕಲ್ಪನೆ ಬಂದಿದ್ದು ಕಾಗದದ ಲೋಕದಿಂದ. ಪತ್ರಿಕೆಗಳ ಮೇಜಿನ ಮೇಲೆ ಬರಹದ ತುಂಡುಗಳನ್ನು ಕತ್ತರಿಯಿಂದ ಕತ್ತರಿಸಿ, ಗೋಂದು ಹಚ್ಚಿ, ಬೇಕಾದ ಕಡೆ ಅಂಟಿಸುತ್ತಿದ್ದ ಕಾಲವೊಂದಿತ್ತು. 1970ರ ದಶಕದ ನಡುವಿನಲ್ಲಿ ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಅದನ್ನು 'ಜಿಪ್ಸಿ' ಎಂಬ ತಂತ್ರಾಂಶದಲ್ಲಿ ಕಂಪ್ಯೂಟರಿಗೆ ತಂದರು. ಟೆಸ್ಲರ್ ಮುಂದೆ ಆಪಲ್ ಸೇರಿದರು, 2020ರ ಫೆಬ್ರುವರಿಯಲ್ಲಿ ತೀರಿಕೊಂಡರು. ನಾವು ದಿನಕ್ಕೆ ನೂರು ಸಲ ಒತ್ತುವ ಕೀಲಿಗಳ ಹಿಂದೆ ಹೀಗೊಂದು ಹೆಸರಿದೆ.

ಫೋಲ್ಡರುಗಳ ವಿಷಯದಲ್ಲಿ ಒಂದು ಮಾತು ತಿಳಿದಿರಲಿ. ಕತ್ತರಿಸು ಎಂದು ಒತ್ತಿದ ತಕ್ಷಣ ಏನೂ ಕತ್ತರಿಸಿಹೋಗುವುದಿಲ್ಲ. ಫೋಲ್ಡರಿನ ಚಿತ್ರ ಸ್ವಲ್ಪ ಮಸುಕಾಗುತ್ತದೆ, ಅಷ್ಟೆ. ಅಂಟಿಸುವ ತನಕ ಅದು ಮೂಲ ಜಾಗದಲ್ಲೇ ಇರುತ್ತದೆ. ನಡುವೆ ಬೇರೇನನ್ನೋ ನಕಲು ಮಾಡಿದರೂ, ಕರೆಂಟು ಹೋದರೂ ಫೋಲ್ಡರಿಗೆ ಅಪಾಯವಿಲ್ಲ.

ಇದರ ಜೊತೆಗೆ ಕೈಗೆ ಹತ್ತಿರ ಇಟ್ಟುಕೊಳ್ಳಬೇಕಾದ ಇನ್ನು ಕೆಲವು:

ವಿಂಡೋಸ್ ಕೀಲಿ ಮತ್ತು ಇ: ಫೈಲ್ ಎಕ್ಸ್‌ಪ್ಲೋರರ್ ತೆರೆಯುತ್ತದೆ.
ಕಂಟ್ರೋಲ್ ಮತ್ತು ಎನ್: ಅದೇ ಫೋಲ್ಡರ್ ಇನ್ನೊಂದು ಕಿಟಕಿಯಲ್ಲಿ ತೆರೆಯುತ್ತದೆ.
ವಿಂಡೋಸ್ ಕೀಲಿ ಮತ್ತು ಎಡ ಅಥವಾ ಬಲ ಬಾಣ: ಕಿಟಕಿ ಪರದೆಯ ಅರ್ಧಕ್ಕೆ ಸರಿದು ನಿಲ್ಲುತ್ತದೆ. ಎಡಕ್ಕೊಂದು, ಬಲಕ್ಕೊಂದು ನಿಲ್ಲಿಸಿಕೊಂಡರೆ ಎಲ್ಲಿಂದ ಎಲ್ಲಿಗೆ ಎಂಬುದು ಕಣ್ಣೆದುರಿಗೇ ಇರುತ್ತದೆ.
ಕಂಟ್ರೋಲ್, ಶಿಫ್ಟ್ ಮತ್ತು ಎನ್: ಹೊಸ ಫೋಲ್ಡರ್.
ಎಫ್ 2: ಹೆಸರು ಬದಲಿಸಲು. ಬರೆದ ಮೇಲೆ ಟ್ಯಾಬ್ ಒತ್ತಿದರೆ ಮುಂದಿನ ಫೋಲ್ಡರಿನ ಹೆಸರು ಬದಲಿಸಲು ಸಿದ್ಧವಾಗುತ್ತದೆ.
ಆಲ್ಟ್ ಮತ್ತು ಮೇಲಿನ ಬಾಣ: ಒಂದು ಮೆಟ್ಟಿಲು ಮೇಲಿನ ಫೋಲ್ಡರಿಗೆ.
ಆಲ್ಟ್ ಮತ್ತು ಎಂಟರ್: ಆರಿಸಿದ ಫೋಲ್ಡರಿನ ಗಾತ್ರ, ಒಳಗಿರುವ ಫೈಲುಗಳ ಸಂಖ್ಯೆ.

ಬೇರೆ ಬೇರೆ ಕಡೆ ಇರುವ ನಾಲ್ಕಾರು ಫೋಲ್ಡರುಗಳನ್ನು ಆರಿಸಲು ಕಂಟ್ರೋಲ್ ಹಿಡಿದು ಒಂದೊಂದನ್ನೇ ಕ್ಲಿಕ್ ಮಾಡುತ್ತೇವೆ. ಆಗ ಮೌಸ್ ಒಂದಿಷ್ಟು ಅಲುಗಾಡಿದರೂ ಕಂಪ್ಯೂಟರ್ ಅದನ್ನು ಎಳೆತ ಎಂದು ತಿಳಿದು, ಆರಿಸಿದ ಎಲ್ಲಕ್ಕೂ ಅಲ್ಲೇ ಒಂದೊಂದು ನಕಲು ಮಾಡಿಬಿಡುತ್ತದೆ. ಹೆಸರಿನ ಕೊನೆಯಲ್ಲಿ 'ಕಾಪಿ' ಎಂದಿರುವ ಅವಳಿ ಫೋಲ್ಡರುಗಳು ಇದ್ದಕ್ಕಿದ್ದಂತೆ ಹುಟ್ಟಿಕೊಂಡರೆ ಗಾಬರಿ ಬೇಡ, ವೈರಸ್ಸೂ ಅಲ್ಲ. ಕಂಟ್ರೋಲ್ ಮತ್ತು ಝಡ್ ಒತ್ತಿ, ಹಿಂದಿನಂತಾಗುತ್ತದೆ.

ಒಂದು ಕ್ಷಣದಲ್ಲಿ, ಒಂದು ಗಂಟೆಯಲ್ಲಿ

40 ಜಿಬಿಯ ಫೋಲ್ಡರನ್ನು ಅದೇ ಡ್ರೈವ್‌ನಲ್ಲಿ ಬೇರೆ ಕಡೆ ಸಾಗಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸಿದರೆ ಚಹಾ ಕುಡಿದು ಬಂದರೂ ಮುಗಿದಿರುವುದಿಲ್ಲ. ಯಾಕೆ?

ಗ್ರಂಥಾಲಯದ ಹೋಲಿಕೆ ಇಟ್ಟುಕೊಳ್ಳಿ. ಒಂದೇ ಡ್ರೈವ್‌ನೊಳಗೆ ಸಾಗಿಸುವಾಗ ಪುಸ್ತಕಗಳು ಅಲುಗಾಡುವುದೇ ಇಲ್ಲ. ಸೂಚಿಪಟ್ಟಿಯಲ್ಲಿ "ಇದು ಇನ್ನು ಇಂಥ ವಿಭಾಗದ್ದು" ಎಂದು ಒಂದು ಸಾಲು ಬದಲಾಗುತ್ತದೆ, ಅಷ್ಟೆ. ಬೇರೆ ಡ್ರೈವ್ ಎಂದರೆ ಬೇರೆ ಊರಿನ ಗ್ರಂಥಾಲಯ. ಪ್ರತಿ ಪುಟವನ್ನೂ ಅಲ್ಲಿ ಹೊಸದಾಗಿ ಬರೆದು, ಆಮೇಲೆ ಇಲ್ಲಿಯದನ್ನು ಅಳಿಸಬೇಕು.

ಇದು ಗೊತ್ತಿದ್ದೂ ನಾನೊಮ್ಮೆ ಎಡವಿದ್ದೇನೆ. ಲ್ಯಾಪ್‌ಟಾಪ್ ಬದಲಿಸುವ ಅವಸರದಲ್ಲಿ, ಮಗಳ ಮೊದಲ ಎರಡು ವರ್ಷದ ಫೋಟೋ ಫೋಲ್ಡರನ್ನು ನೇರವಾಗಿ ಕತ್ತರಿಸಿ ಹೊರಗಿನ ಡಿಸ್ಕಿಗೆ ಅಂಟಿಸಿದೆ. ಅರ್ಧದಲ್ಲಿ ಕೇಬಲ್ಲು ಸಡಿಲವಾಯಿತು. ಅರ್ಧ ಫೋಟೋ ಇಲ್ಲಿ, ಅರ್ಧ ಅಲ್ಲಿ. ಕೊನೆಗೆ ಹೋದ ಕೆಲವು ಅಲ್ಲೂ ತೆರೆಯಲಿಲ್ಲ, ಇಲ್ಲೂ ಇರಲಿಲ್ಲ. ಅವಳು ಮೊದಲ ಸಲ ಗೋಡೆ ಹಿಡಿದು ನಿಂತ ಫೋಟೋ ಆ ಕೆಲವುಗಳಲ್ಲಿ ಒಂದು. ಹೆಂಡತಿಗೆ ಇದನ್ನು ಹೇಳಲು ನನಗೆ ಎರಡು ದಿನ ಬೇಕಾಯಿತು.

ಅಂದಿನಿಂದ ನನ್ನದು ಒಂದೇ ಪದ್ಧತಿ. ಬೇರೆ ಡ್ರೈವ್‌ಗೆ ಹೋಗುವುದೇನಿದ್ದರೂ ಮೊದಲು ನಕಲು. ಆಮೇಲೆ ಎರಡೂ ಕಡೆ ಆಲ್ಟ್ ಮತ್ತು ಎಂಟರ್ ಒತ್ತಿ, ಫೈಲುಗಳ ಸಂಖ್ಯೆಯನ್ನೂ ಗಾತ್ರವನ್ನೂ ತಾಳೆ ನೋಡುವುದು. ಅಲ್ಲಿ 'ಸೈಜ್' ಎಂಬ ಸಾಲನ್ನು ನೋಡಬೇಕು. 'ಸೈಜ್ ಆನ್ ಡಿಸ್ಕ್' ಡ್ರೈವ್‌ನಿಂದ ಡ್ರೈವ್‌ಗೆ ಬೇರೆಯಾಗುವುದು ಸಹಜ. ನಾಲ್ಕೈದು ಫೈಲು ತೆರೆದು ನೋಡುವುದು. ಡಿಸ್ಕನ್ನು 'ಇಜೆಕ್ಟ್' ಮಾಡಿಯೇ ತೆಗೆಯುವುದು. ಇಷ್ಟಾದ ಮೇಲಷ್ಟೇ ಮೂಲವನ್ನು ಅಳಿಸುವುದು.

ಕಾಯುವ ಹೊತ್ತು ಕಡಿಮೆಯಾಗಬೇಕೆಂದರೆ ಎರಡು ಉಪಾಯ. ಡಿಸ್ಕ್ ಮತ್ತು ಕೇಬಲ್ಲು ಯುಎಸ್‌ಬಿ 3 ಆಗಿದ್ದರೆ ಅದಕ್ಕೆ ತಕ್ಕ ಕಿಂಡಿಗೇ ಚುಚ್ಚಿ. ಅನೇಕ ಕಂಪ್ಯೂಟರುಗಳಲ್ಲಿ ಅದರ ಒಳಭಾಗ ನೀಲಿ ಬಣ್ಣದ್ದಾಗಿರುತ್ತದೆ. ಸೆಕೆಂಡಿಗೆ 30 ಎಂಬಿಯಂತೆ ಹೋದರೆ 100 ಜಿಬಿಗೆ ಸುಮಾರು 55 ನಿಮಿಷ ಬೇಕು, 100 ಎಂಬಿಯಂತೆ ಹೋದರೆ 17 ನಿಮಿಷ ಸಾಕು. ಇನ್ನು, ಸಾವಿರಾರು ಪುಟ್ಟ ಪುಟ್ಟ ಫೈಲುಗಳಿದ್ದರೆ ಅವುಗಳನ್ನು ಮೊದಲು ಒಂದು ಜಿಪ್ ಫೈಲಾಗಿ ಕಟ್ಟಿ ಸಾಗಿಸಿ. ಪ್ರತಿ ಫೈಲಿಗೂ ಹೊಸದಾಗಿ ಲೆಕ್ಕ ಬರೆಯುವ ಕೆಲಸ ತಪ್ಪುತ್ತದೆ.

ಒಂದೇ ಹೆಸರಿನವರು ಇಬ್ಬರಿದ್ದರೆ

ಹೊಸ ಜಾಗದಲ್ಲಿ ಅದೇ ಹೆಸರಿನ ಫೋಲ್ಡರ್ ಮೊದಲೇ ಇದ್ದರೆ ವಿಂಡೋಸ್ ಎರಡನ್ನೂ ಬೆರೆಸುತ್ತದೆ. ಒಳಗೆ ಒಂದೇ ಹೆಸರಿನ ಫೈಲುಗಳಿದ್ದರೆ ಮಾತ್ರ ಕೇಳುತ್ತದೆ: ಹಳೆಯದರ ಮೇಲೆ ಬರೆಯಲೇ, ಬಿಟ್ಟುಬಿಡಲೇ, ಹೋಲಿಸಿ ನೋಡುತ್ತೀರಾ? ಅವಸರದಲ್ಲಿ ಮೊದಲನೆಯದನ್ನು ಒತ್ತಬೇಡಿ. ಕ್ಯಾಮೆರಾಗಳು ಫೋಟೋಗಳಿಗೆ ನಾಲ್ಕಂಕಿಯ ಸಂಖ್ಯೆ ಕೊಡುತ್ತವೆ, 9999 ಮುಗಿದರೆ ಮತ್ತೆ ಮೊದಲಿನಿಂದ. ಹಾಗಾಗಿ ಹಬ್ಬದ ಫೋಟೋವೊಂದಕ್ಕೂ ಪ್ರವಾಸದ ಫೋಟೋವೊಂದಕ್ಕೂ ಒಂದೇ ಹೆಸರಿರಬಹುದು. ಹೋಲಿಸಿ ನೋಡುವ ಆಯ್ಕೆಯಲ್ಲಿ ಎರಡೂ ಕಡೆ ಗುರುತು ಹಾಕಿದರೆ ಎರಡೂ ಉಳಿಯುತ್ತವೆ. ಹೊಸದರ ಹೆಸರಿಗೆ ಒಂದು ಅಂಕಿ ಸೇರಿಕೊಳ್ಳುತ್ತದೆ.

ವಿಂಡೋಸ್‌ನಿಂದ ಮ್ಯಾಕ್‌ಗೆ ಹೋದವರು ಇಲ್ಲೇ ಹೆಚ್ಚು ಎಚ್ಚರವಾಗಿರಬೇಕು. ಮ್ಯಾಕ್‌ನಲ್ಲಿ 'ರಿಪ್ಲೇಸ್' ಎಂದರೆ ಬೆರೆಸುವುದಲ್ಲ. ಹಳೆಯ ಫೋಲ್ಡರನ್ನು ಅದರೊಳಗಿನ ಎಲ್ಲದರ ಸಮೇತ ತೆಗೆದು ಹೊಸದನ್ನು ಇಡುವುದು. ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಸಿ ನಕಲು ಮಾಡುತ್ತದೆ. ಅಂಟಿಸುವಾಗ ಕಮಾಂಡ್ ಮತ್ತು ವಿ ಒತ್ತಿದರೆ ನಕಲು, ಆಪ್ಷನ್ ಕೀಲಿಯನ್ನೂ ಸೇರಿಸಿ ಒತ್ತಿದರೆ ಸ್ಥಳಾಂತರ. ಆಪ್ಷನ್ ಹಿಡಿದು ಎಳೆದರೆ ನಕಲು, ಬೇರೆ ಡಿಸ್ಕಿಗೆ ಕಮಾಂಡ್ ಹಿಡಿದು ಎಳೆದರೆ ಸ್ಥಳಾಂತರ.

ಪೆನ್ ಡ್ರೈವ್ ಹೇಳುವ ಸುಳ್ಳು

ಪೆನ್ ಡ್ರೈವ್‌ನಲ್ಲಿ 20 ಜಿಬಿ ಖಾಲಿ ಇದೆ, ಮದುವೆಯ ವಿಡಿಯೋ 6 ಜಿಬಿ ಇದೆ, ಆದರೂ ಜಾಗ ಸಾಲದು ಎಂಬಂತೆ ಫೈಲು ದೊಡ್ಡದಾಯಿತು ಎನ್ನುತ್ತದೆ. ಆ ಡ್ರೈವ್ ಫ್ಯಾಟ್ 32 ಎಂಬ ಹಳೆಯ ವಿಧಾನದಲ್ಲಿ ಸಿದ್ಧವಾಗಿದ್ದರೆ ಅದರಲ್ಲಿ 4 ಜಿಬಿಯಷ್ಟು ದೊಡ್ಡ ಫೈಲು ಹಿಡಿಯುವುದಿಲ್ಲ. ಒಳಗಿರುವುದನ್ನೆಲ್ಲ ಬೇರೆ ಕಡೆ ತೆಗೆದಿಟ್ಟು, ಎಕ್ಸ್‌ಫ್ಯಾಟ್ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದರೆ ತೊಂದರೆ ತೀರುತ್ತದೆ. ವಿಂಡೋಸ್, ಮ್ಯಾಕ್ ಎರಡೂ ಅದನ್ನು ಓದಿ ಬರೆಯುತ್ತವೆ. ಇನ್ನೊಂದು ಮಾತು: ಪೆನ್ ಡ್ರೈವ್‌ನಿಂದ ಅಳಿಸಿದ್ದು ರಿಸೈಕಲ್ ಬಿನ್‌ಗೆ ಬರುವುದಿಲ್ಲ, ನೇರವಾಗಿ ಹೋಗುತ್ತದೆ.

ಹಾಗೆಯೇ ಒನ್‌ಡ್ರೈವ್‌ನಂಥ ಕ್ಲೌಡ್ ಫೋಲ್ಡರುಗಳು. ಅದರೊಳಗಿನ ಫೋಲ್ಡರನ್ನು ಹೊರಗೆ ಸಾಗಿಸಿದರೆ ಕ್ಲೌಡ್‌ನಿಂದಲೂ, ಅದೇ ಖಾತೆಯ ಇತರ ಕಂಪ್ಯೂಟರುಗಳಿಂದಲೂ ಅದು ಹೋಗುತ್ತದೆ. ಹೊರಗೊಂದು ಪ್ರತಿ ಬೇಕಿದ್ದರೆ ಕಂಟ್ರೋಲ್ ಹಿಡಿದೇ ಎಳೆಯಿರಿ.

ಕನ್ನಡದ ಹಳೆಯ ಕಡತಗಳಿದ್ದರೆ

ನಮ್ಮ ಕನ್ನಡ ಸಂಘಗಳ ಕಪಾಟಿನಲ್ಲಿರುವ ಹಳೆಯ ಕಂಪ್ಯೂಟರುಗಳ ಬಗ್ಗೆ ಇಲ್ಲಿ ಹೇಳಲೇಬೇಕು. ಸ್ಮರಣ ಸಂಚಿಕೆಗಳು, ನಾಟಕದ ಪ್ರತಿಗಳು, ಸದಸ್ಯರ ಪಟ್ಟಿ, ರಾಜ್ಯೋತ್ಸವದ ಆಹ್ವಾನಪತ್ರಿಕೆಗಳು ಅವುಗಳಲ್ಲಿರುತ್ತವೆ. ಬಹಳಷ್ಟು ನುಡಿ ಅಥವಾ ಬರಹದ ಹಳೆಯ ಅಕ್ಷರಗಳಲ್ಲಿ, ಅಂದರೆ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಬರೆದವು. ಫೋಲ್ಡರನ್ನು ಮಾತ್ರ ಹೊಸ ಕಂಪ್ಯೂಟರಿಗೆ ನಕಲು ಮಾಡಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. "ಫೈಲು ಹಾಳಾಗಿದೆ" ಎಂದು ಅಳಿಸಿಬಿಟ್ಟವರನ್ನು ಕಂಡಿದ್ದೇನೆ. ಹಾಳಾಗಿರಲಿಲ್ಲ, ಅದರ ಫಾಂಟ್ ಜೊತೆಗೆ ಬಂದಿರಲಿಲ್ಲ, ಅಷ್ಟೆ.

ಆದ್ದರಿಂದ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು 'ಸಿ' ಡ್ರೈವ್‌ನ ವಿಂಡೋಸ್ ಫೋಲ್ಡರಿನಲ್ಲಿರುವ 'ಫಾಂಟ್ಸ್'ನಿಂದ ಕನ್ನಡದ ಫಾಂಟುಗಳನ್ನೂ ನಕಲು ಮಾಡಿಕೊಳ್ಳಿ. ಹೊಸದರಲ್ಲಿ ಅವುಗಳ ಮೇಲೆ ಬಲಗುಂಡಿ ಒತ್ತಿ 'ಇನ್‌ಸ್ಟಾಲ್' ಎಂದರೆ ಅಕ್ಷರಗಳು ಮರಳುತ್ತವೆ. ಮುಖ್ಯವಾದವುಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿ, ಪಿಡಿಎಫ್ ಪ್ರತಿಯನ್ನೂ ಇಡಿ.

ಫೋಲ್ಡರುಗಳಿಗೆ ಕನ್ನಡದಲ್ಲೇ ಹೆಸರಿಡಬಹುದು, ಇಡಬೇಕು. ಆದರೆ ಹೆಸರು ಚುಟುಕಾಗಿರಲಿ. ವಿಂಡೋಸ್‌ನಲ್ಲಿ ಡ್ರೈವ್‌ನಿಂದ ಫೈಲಿನ ಹೆಸರಿನವರೆಗಿನ ಇಡೀ ವಿಳಾಸಕ್ಕೆ ಸಾಮಾನ್ಯವಾಗಿ 260 ಅಕ್ಷರಗಳ ಮಿತಿ ಇದೆ. ನಮ್ಮ ಕಣ್ಣಿಗೆ 'ಸ್ತ್ರೀ' ಎಂಬುದು ಒಂದೇ ಅಕ್ಷರ, ಕಂಪ್ಯೂಟರಿನ ಲೆಕ್ಕದಲ್ಲಿ ಆರು. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಉದ್ದುದ್ದ ಹೆಸರುಗಳಿದ್ದರೆ ನಕಲು ಅರ್ಧಕ್ಕೇ ನಿಂತು, ಹೆಸರು ಉದ್ದವಾಯಿತು ಎಂಬ ದೂರು ಬರುತ್ತದೆ. ಹೊರಗಿನ ಫೋಲ್ಡರಿನ ಹೆಸರು ಕಿರಿದು ಮಾಡಿದರೆ ಮುಂದುವರಿಯುತ್ತದೆ.

ಕಳೆದೇ ಹೋಯಿತು ಎನಿಸಿದಾಗ

ಕಾಣದ ಫೋಲ್ಡರೆಲ್ಲ ಅಳಿಸಿಹೋದದ್ದಲ್ಲ. ಹುಡುಕುವ ಕ್ರಮ ಹೀಗಿರಲಿ. ಮೊದಲು, ಬೇರೇನೂ ಮಾಡದೆ ಕಂಟ್ರೋಲ್ ಮತ್ತು ಝಡ್. ಈಗಷ್ಟೇ ಆದ ತಪ್ಪಾದರೆ ಫೋಲ್ಡರ್ ತನ್ನ ಜಾಗಕ್ಕೆ ಮರಳುತ್ತದೆ. ಕಂಪ್ಯೂಟರ್ ಒಮ್ಮೆ ಆರಿಸಿ ಹಚ್ಚಿದರೆ ಈ ದಾರಿ ಮುಚ್ಚುತ್ತದೆ. ಎರಡನೆಯದು, ಅಕ್ಕಪಕ್ಕದ ಫೋಲ್ಡರುಗಳೊಳಗೆ ಇಣುಕಿ ನೋಡುವುದು. ಮೂರನೆಯದು, ಇಡೀ ಡ್ರೈವ್ ತೆರೆದುಕೊಂಡು ಕಂಟ್ರೋಲ್ ಮತ್ತು ಎಫ್ ಒತ್ತಿ ಹೆಸರಿನಿಂದ ಹುಡುಕುವುದು. ನಾಲ್ಕನೆಯದು ರಿಸೈಕಲ್ ಬಿನ್. ಇಷ್ಟೂ ಮುಗಿಯುವ ತನಕ ಆ ಡ್ರೈವ್‌ಗೆ ಹೊಸದೇನನ್ನೂ ತುಂಬಬೇಡಿ. ನಿಜವಾಗಿಯೂ ಅಳಿಸಿಹೋಗಿದ್ದರೆ, ಮರಳಿ ಪಡೆಯುವ ಅವಕಾಶವನ್ನು ಹೊಸ ಫೈಲುಗಳು ನುಂಗುತ್ತವೆ.

ಮುಂದಿನ ಸಲ ಊರಿಗೆ ಹೋದಾಗ ಒಂದು ಮಧ್ಯಾಹ್ನ ಇದಕ್ಕೆ ಮೀಸಲಿಡಿ. ಮನೆಯ ಕಂಪ್ಯೂಟರಿನ ಫೋಟೋಗಳನ್ನು ಒಂದು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಲೆಕ್ಕ ತಾಳೆ ನೋಡಿ, ಆ ಡಿಸ್ಕನ್ನು ನಿಮ್ಮ ಚೀಲದಲ್ಲಿ ಹಾಕಿಕೊಂಡು ಬನ್ನಿ. ಊರಿನಲ್ಲೊಂದು, ನಿಮ್ಮಲ್ಲೊಂದು ಪ್ರತಿ ಇರಲಿ. ಅಪ್ಪ ಅಮ್ಮನಿಗೆ ಬಲಗುಂಡಿಯ ಎಳೆತವನ್ನೂ ಕಂಟ್ರೋಲ್ ಝಡ್ ಅನ್ನೂ ಕಲಿಸಿ. ಕೀಲಿಮಣೆಯ ಪಕ್ಕ ಒಂದು ಚೀಟಿ ಅಂಟಿಸಿದರೂ ಸರಿ.

ನಾನು ಹಾಗೇ ಮಾಡಿದೆ. ಕಳೆದ ಸಲ ಹೋದಾಗ ನೋಡಿದರೆ, ಆ ಚೀಟಿಯ ಕೆಳಗೆ ಅಪ್ಪ ತಮ್ಮದೇ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದರು: "ಮೊದಲು ನಕಲು, ಆಮೇಲೆ ಅಳಿಸು." ಅಜ್ಜಿಯ ಫೋಟೋ ಈಗ ಮೂರು ಕಡೆ ಇದೆ.